ನೀರುಗಂಟಿಯ ಏಣಿ

ನಮ್ಮ ತಾತ ಪಿಳ್ಳಪ್ಪ ನೀರಿಗೆ ಇಳಿಯುತ್ತಿದ್ದ.
ನಾನು ನೀರಿಗೆ ಹತ್ತಬೇಕು.
ಪಂಚಾಯ್ತಿ ಹಾಜರಿ ಪುಸ್ತಕದಲ್ಲಿ ವಾಟರ್‌ಮನ್ ಅಂತಿದೆ,
ಊರ ಬಾಯಲ್ಲಿ ಮಾತ್ರ ಹಳೆಯದೇ: ನೀರುಗಂಟಿ.

ಶ್ರೀನಿವಾಸಪುರದ ಬಸ್ಸಿನಿಂದ
ಊರಿಗಿಂತ ಮೊದಲು ಕಾಣುವುದು ಆ ಟ್ಯಾಂಕು,
ಮಾವಿನ ತೋಪುಗಳ ತಲೆಯ ಮೇಲೆ
ಆರು ಕಾಲಿನ ಬೂದು ಪ್ರಾಣಿ.
ಐವತ್ತು ಸಾವಿರ ಲೀಟರು.
ಬೆನ್ನಿಗೆ ಅಂಟಿದ ಕಬ್ಬಿಣದ ಏಣಿ, ಅರವತ್ತೆರಡು ಮೆಟ್ಟಿಲು.
ಎಣಿಸಿದ್ದೇನೆ,
ಹತ್ತುವಾಗ ಅಲ್ಲ, ಕೆಳಗೆ ನಿಂತು.

ತಿಂಗಳಿಗೆ ಎರಡು ಸಲ ಬ್ಲೀಚಿಂಗ್ ಪೌಡರಿನ ಚೀಲ
ಹೆಗಲಿಗೆ ಕಟ್ಟಿಕೊಂಡು ಹೊರಡುತ್ತೇನೆ.
ಹದಿನೈದರ ತನಕ ನಾನು ನಾನೇ.
ಹುಣಸೆ ಮರದ ಎತ್ತರ ಅದು, ಹುಡುಗನಾಗಿದ್ದಾಗ
ಅಲ್ಲಿ ಕಾಲು ಇಳಿಬಿಟ್ಟು ಕೂತು ದೋರೆಗಾಯಿ ತಿಂದವನು.
ಇಪ್ಪತ್ತೆರಡಕ್ಕೆ ಮರಗಳು ಮುಗಿಯುತ್ತವೆ.
ಕಣ್ಣು ಆನಿಕೊಳ್ಳಲು ಹತ್ತಿರದಲ್ಲಿ ಏನೂ ಇಲ್ಲ.
ರೇಷ್ಮೆ ಗೂಡಿನ ಎಳೆ ಸಿಕ್ಕ ಹಾಗೆ
ಅಂಗಾಲಿನಿಂದ ಏನೋ ಬಿಚ್ಚಿಕೊಳ್ಳಲು ಶುರುವಾಗುತ್ತದೆ,
ಮಂಡಿಗಳು ಬೇರೆ ಯಾರದೋ ಮಂಡಿಗಳು,
ಕೈ ಮಾತ್ರ ಬಿಗಿದು ಕಬ್ಬಿಣವೇ ಆಗಿಬಿಡುತ್ತದೆ.

ಕೆಳಗೆ ನೋಡಬೇಡ ಅಂದಿದ್ದರು ಎಲ್ಲರೂ.
ಮೇಲೆ ನೋಡಬೇಡ ಅಂತ ಯಾರೂ ಹೇಳಿರಲಿಲ್ಲ.
ನೋಡಿದೆ. ಮೋಡ ಓಡುತ್ತಿತ್ತು.
ಮೋಡ ನಿಂತಿದೆ, ಟ್ಯಾಂಕೇ ನನ್ನ ಮೇಲೆ ಬೀಳುತ್ತಿದೆ
ಎಂದು ನಂಬಿತು ಹೊಟ್ಟೆ.
ತಲೆಗೆ ನಿಜ ಗೊತ್ತಿತ್ತು.
ತಲೆಯ ಮಾತು ಹೊಟ್ಟೆ ತನಕ ಇಳಿಯಲು
ಯಾರೂ ಏಣಿ ಕಟ್ಟಿಲ್ಲ.

"ಏನೋ ಗಟ್ಟಪ್ಪ, ಹೆಸರಿಗಷ್ಟೇ ಗಟ್ಟಿನಾ?"
ಕೆಳಗಿನಿಂದ ಬೈರೆಡ್ಡಿ.
ಅವನ ದನಿ ಚಿಕ್ಕದಾಗಿ, ತುಸು ತಡವಾಗಿ ಬರುತ್ತದೆ,
ಪೊಟ್ಟಣ ಕಟ್ಟಿ ಕಳಿಸಿದ ಹಾಗೆ.

ತಾತನನ್ನು ಒಮ್ಮೆ ಕೇಳಿದ್ದೆ, ಅವರೆಕಾಳು ಹಿದುಕುತ್ತ ಕೂತಿದ್ದಾಗ.
ಕೆರೆ ತುಂಬಿದ ವರ್ಷ ತೂಬಿನ ಬೆಣೆ ಕಚ್ಚಿಕೊಂಡರೆ
ಕಲ್ಲುಕಂಬ ತಬ್ಬಿ ಮುಳುಗುತ್ತಿದ್ದನಂತೆ,
ಎರಡಾಳು ಆಳ, ಕಣ್ಣು ಬಿಟ್ಟರೂ ಕತ್ತಲು.
ಬೆಣೆ ಸಡಿಲಿದ ಕೂಡಲೇ ನೀರು ಕಾಲು ಹಿಡಿದು ಎಳೆಯುತ್ತಿತ್ತು.
"ಎಳೆಯೋದಕ್ಕೆ ಹೆದರಲಿಲ್ಲ ಕಣೋ.
ಬಿಟ್ಟುಬಿಟ್ರೆ ಎಷ್ಟು ಸುಖ ಅಂತ
ಕೈಗೆ ಅನ್ನಿಸ್ತಿತ್ತಲ್ಲ, ಅದಕ್ಕೆ."
ಅಷ್ಟು ಹೇಳಿ ಮತ್ತೆ ಕಾಳು ಹಿದುಕತೊಡಗಿದ.

ಇಪ್ಪತ್ತೆರಡನೇ ಮೆಟ್ಟಿಲಿನಲ್ಲಿ ಅದು ಅರ್ಥವಾಗಿದ್ದು.
ನೆಲ ಬಾ ಅನ್ನುತ್ತದೆ.
ನನ್ನೊಳಗೆ ಯಾರೋ ಒಬ್ಬ ತಿರುಗಿ ನೋಡುತ್ತಾನೆ
ಕರೆದದ್ದು ತನ್ನನ್ನೇ ಎಂಬಂತೆ.
ಅವನನ್ನು ಹಿಡಿದು ನಿಲ್ಲಿಸಲು ಕೈ ಬಿಗಿಯುತ್ತದೆ.
ಹೇಡಿ ಅನ್ನುತ್ತಾರೆ ಈ ಕೈಗೆ.
ಬಸ್ ಸ್ಟ್ಯಾಂಡಿನಲ್ಲಿ ಮಗುವಿನ ಅಂಗಿಯ ಚುಂಗು ಬಿಡದವಳಿಗೂ
ಹಾಗೇ ಅನ್ನುತ್ತಾರೇನು?

ಈಗ ಮೂಗಿನ ಮುಂದಿನ ಸಿಮೆಂಟನ್ನಷ್ಟೇ ನೋಡುತ್ತ ಹತ್ತುತ್ತೇನೆ.
ನಲವತ್ತರ ಪಕ್ಕ ಒಂದು ಬಿರುಕು, ಅದರಲ್ಲಿ ಅರಳಿ ಸಸಿ,
ಎರಡೇ ಎಲೆ.
ಕಿತ್ತುಹಾಕು ಅಂದಿದ್ದಾರೆ ಇಂಜಿನಿಯರು.
ಬಿಟ್ಟಿದ್ದೇನೆ. ಆ ಎತ್ತರದಲ್ಲಿ
ನನಗೆ ಗುರುತಿನವರು ಬೇರೆ ಯಾರಿದ್ದಾರೆ?

ಮುಚ್ಚಳ ಸರಿಸಿದರೆ ಒಳಗೆ ಕತ್ತಲು, ತಣ್ಣನೆಯ ಉಸಿರು.
ಒಣಗಿದ ಕೆರೆಯಂಗಳದಲ್ಲಿ
ಸಾವಿರದ ಇನ್ನೂರು ಅಡಿ ಕೊರೆದ ಬೋರಿನ ನೀರು.
ಪಾತಾಳದಿಂದ ಇಷ್ಟು ಮೇಲೆ ಬಂದ ಅದಕ್ಕೂ
ತಲೆ ತಿರುಗಿರಬೇಕು,
ಗೋಡೆಗೆ ಒರಗಿ ಅಲುಗದೆ ನಿಂತಿದೆ.
ಮಂಡಿಯೂರಿ ಪೌಡರು ಸುರಿಯುತ್ತೇನೆ.

ಇಳಿಯುವುದು ಹತ್ತಿದ್ದಕ್ಕಿಂತ ಕಷ್ಟ, ಕಾಲಿಗೆ ಕಣ್ಣಿಲ್ಲ.
ಅದನ್ನು ಇನ್ನೊಮ್ಮೆ ಹೇಳುತ್ತೇನೆ.

ಸಂಜೆ ನಲ್ಲಿ ಬಿಟ್ಟಾಗ ಗಂಗುಲಮ್ಮ ಬಿಂದಿಗೆ ಮೂಸುತ್ತಾಳೆ:
"ಥೂ, ಇವತ್ತು ನೀರು ಘಾಟು."
ಹೌದು ಎಂದು ತಲೆಯಾಡಿಸುತ್ತೇನೆ.
ಅಂಗೈಯಲ್ಲಿ ತುಕ್ಕಿನ ಕೆಂಪು ಹೋಗಿಲ್ಲ.
ಮುದ್ದೆ ಮುರಿಯುವಾಗಲೂ ಬೆರಳುಗಳು
ಅರ್ಧ ಮಡಚಿಕೊಂಡೇ ಇರುತ್ತವೆ.